ಬರಕತ್

ನನ್ನ ಹೆಸರು ಹೊಳೆವ್ವ. ವರದಾ ಕಂಡೇನಿ,
ಹರಕಿ ತೀರಿಸಾಕ ಹೋದಾಗ ಒಮ್ಮೆ ತುಂಗಭದ್ರಾ.
ಸಮುದ್ರ ಕಂಡಿಲ್ಲ.
ಬ್ಯಾಡಗಿ ಪ್ಯಾಟ್ಯಾಗ ಚೀಲದ ಬಾಯಿ ಹೊಲಿಯಾಕಿ ನಾನು,
ಇಪ್ಪತ್ತೆರಡು ವರ್ಷ, ಅದೇ ದಬ್ಬಣ,
ಹಿಡಿಕಿ ಮಾತ್ರ ಎರಡು ಸಲ ಬದಲಾತು.

ತಂಡೇಲ ಚೆರಿಯಕೋಯ ಒಂದು ಸಲ ಬಂದಿದ್ದ.
ಮಂಗಳೂರ ಹಳೇ ಬಂದರದಾಗ ನಮ್ಮ ಚೀಲ ಎಣಿಸಿ ಎಣಿಸಿ
ಇದು ಹುಟ್ಟೂದೆಲ್ಲಿ ನೋಡೂಣು ಅಂತ
ಖಾಲಿ ಲಾರಿ ಹತ್ತಿ ಬಂದಾಂವ.
ಹರವಿದ ಕೆಂಪು ಕಂಡು
ಚಪ್ಪಲಿ ಬಿಟ್ಟು ನಿಂತ.
ಆಮ್ಯಾಲ ಹನ್ನೊಂದು ಸಲ ಸೀನಿದ. ನಾವು ಎಣಿಸಿದ್ವಿ.

ಅವನ ಮಂಜಿಯ ಹೆಸರು ಬರಕತ್.
ನಾವು ಹೆಣ್ಮಕ್ಕಳು ಬಿದ್ದು ಬಿದ್ದು ನಕ್ವಿ:
ಬರಕತ್ ಬರಾಕತ್ತೈತೋ, ಹೋಗಾಕತ್ತೈತೋ?
ಅವಗ ತಿಳೀಲಿಲ್ಲ, ಅವನೂ ನಕ್ಕ.
ಕಟ್ಟಿಗಿ ಹಡಗ, ಅಂದ, ನಿಮ್ಮ ಕಡೀದ ಸಾಗವಾನಿ.
ಅಜ್ಜನ ಕಾಲಕ್ಕ ಹಲಗಿಗೆ ಹಲಗಿ ತೆಂಗಿನ ನಾರಿನಾಗ ಹೊಲೀತಿದ್ರು,
ಅಲಿ ಬಂದ್ರ ಬಗ್ಗತಿತ್ತು. ಈಗ ಮೊಳಿ.
ನನ್ನ ಚೀಲದ ಬಾಯಿ ಹಿಡಿದು ಜಗ್ಗಿ ನೋಡಿದ.
ಗಟ್ಟಿ ಐತಿ, ಅಂದ.

ಮಳಿಗಾಲಕ್ಕ ಮುಂಚಿನ ಕಡೀ ಸಾರಿ.
ಲಾರಿ ಹೊಂಟ ಐದನೇ ರಾತ್ರಿ
ನಮ್ಮಲ್ಲೂ ಗಾಳಿ ಎದ್ದಿತು.
ತಾಡಪತ್ರಿಯ ನಾಕೂ ಮೂಲಿಗೆ ಹದಿನಾಕು ಮಂದಿ ಕುಂತ್ವಿ,
ಸೆರಗು ಬಾಯಾಗ ಕಚ್ಚಿ.
ಕೆಳಗಿನ ಕಾಯಿ ಉಸಿರು ತಗೊಂಡಂಗ ಉಬ್ಬತಿತ್ತು ಅದು.
ಯಲ್ಲಕ್ಕ ಹಗ್ಗದ ಕೂಡ ಮೊಳ ಎತ್ತರ ಎದ್ದು ಬಿದ್ಳು.
ಒಂದು ಕಾಯಿ ತೊಯ್ಯಲಿಲ್ಲ.
ಮುಂಜಾನೆ ಸಾಹುಕಾರ ಎಲ್ಲಾರಿಗೂ ಚುರಮುರಿ, ಚಾ.

ಸುದ್ದಿ ಬಂದದ್ದು ಮೂರು ದಿನ ಬಿಟ್ಟು.
ಗುಮಾಸ್ತ ವಾಸಪ್ಪ ಫೋನು ಕಿವಿಗೆ ಒತ್ತಿಕೊಂಡು
ನೂರಾ ನಲವತ್ತೆರಡು, ನೂರಾ ನಲವತ್ತೆರಡು, ಅಂತಿದ್ದ.
ಮಂದಿ ಎಷ್ಟು? ನಾ ಕೇಳಿದೆ.
ತಡಿ, ಅಂತ ಕೈ ಮಾಡಿದ.
ಮತ್ತ ಕೇಳಿದೆ.
ಆರು. ಸಿಕ್ಕಾವರು ಐದು.

ಹಲಗಿ ಬಿಚ್ಚಿತಂತ.
ಸಿಮೆಂಟು ತಟ್ಟನ ಹೋತು, ಬೆಲ್ಲ ಕರಗಿ ಹೋತು,
ಮೆಣಸಿನಕಾಯಿ ಹಗುರ ನೋಡ್ರಿ, ತೇಲಿತು.
ಅಡಗಿ ಹುಡುಗ ಜಲೀಲ ಒಂದು ಚೀಲ ತಬ್ಬಿಕೊಂಡು
ಒಂದು ರಾತ್ರಿ ಒಂದು ಹಗಲು ಇದ್ದನಂತ.
ನಮ್ಮ ಕಾಯಿ ಖಾರ ಕಡಿಮಿ, ಬಣ್ಣ ಬಾಳ.
ಮೀನಗಾರರು ಎತ್ತಿಕೊಂಡಾಗ ಎದಿ ತುಂಬ ರಕ್ತ ಅಂದುಕೊಂಡ್ರಂತ.
ಉರಿ ಅಂತ ಅಳತಿದ್ದನಂತ. ಚೀಲ ಬಿಡಿಸಾಕ ಹೋದ್ರ ಬಿಡವಲ್ಲ.

ತಂಡೇಲನ ಕೈಗೂ ಒಂದು ಸಿಕ್ಕಿತ್ತು.
ಜಲೀಲ ನೋಡಿದ್ದ. ನಡುರಾತ್ರಿ ಅದರ ಬಾಯಿ ಬಿಚ್ಚಿತು,
ಕಾಯಿ ಎಲ್ಲಾ ಕಡೆ ಹರಡಿ ಅವನ ಸುತ್ತ ತೇಲಿತು,
ಚೀಲ ಬರೇ ಅರಿವಿ ಆತು.

ವಾಸಪ್ಪ ಇದನ್ನ ವಿಮಾದಾವರಿಗೆ ಹೇಳೂವಾಗ
ನಾನು ಸುತಳಿ ಕತ್ತರಿಸಾಕತ್ತಿದ್ದೆ.
ಆ ದಿನ ಲಾರಿಯಾಂವ ಹಾರ್ನ್ ಬಡೀತಿದ್ದ.
ಚೀಲಕ್ಕ ಹತ್ತು ಹೊಲಿಗಿ ನಂದು.
ಕಡೀ ಏಳೆಂಟು ಚೀಲಕ್ಕ ಎಂಟೇ ಹಾಕಿದ್ದೆ.
ಯಲ್ಲಕ್ಕನೂ ಹೊಲಿದಿದ್ಳು, ಫಕ್ಕೀರವ್ವನೂ.
ಯಾರದು ಅಂತ ನೀರಿಗೆ ಗೊತ್ತು.

ಈಗ ಹನ್ನೆರಡು ಹಾಕತೀನಿ.
ಸುತಳಿ ಬಾಳ ತಿನ್ನಾಕತ್ತಿ, ಹೊಳೆವ್ವ, ಅಂತಾನ ಸಾಹುಕಾರ.
ಹೌದ್ರಿ, ಅಂತೀನಿ.
ಬಾಯಿ ಹಿಡಿದು ಜಗ್ಗಿ ನೋಡತೀನಿ.