ಒಂದೂವರೆ ರೊಟ್ಟಿ

ಮೂವತ್ತೆರಡು ವರ್ಷ
ಗದಗಿನ ಹಳೇ ಬಸ್ ಸ್ಟ್ಯಾಂಡಿನ ಹಿಂದ
ನನ್ನ ಖಾನಾವಳಿಯ ಉಪ್ಪು ನನ್ನ ನಾಲಿಗಿ ಮ್ಯಾಲ ಇತ್ತು.
ಸೌಟಿನಿಂದ ಅಂಗೈಗೆ ಒಂದು ಹನಿ,
ನೆಕ್ಕಿ, ಕಣ್ಣು ಮುಚ್ಚಿ
"ಇನ್ನೊಂದು ಚಿಟಿಕಿ" ಅಂದ್ರ ಇನ್ನೊಂದು ಚಿಟಿಕಿ.
ಕಂಡಕ್ಟರುಗೋಳು, ಕೋರ್ಟಿಗೆ ಬಂದವರು,
ಸೀರಿ ಗಂಟು ಹೊತ್ತ ಬೆಟಗೇರಿ ನೇಕಾರರು,
ಯಾರೂ ಕುಂತಲ್ಲಿಂದ ಉಪ್ಪು ಕೇಳಿದ್ದಿಲ್ಲ.

ಈಗ ಆ ಸೌಟು ಸಾವಂತ್ರಿ ಕೈಯಾಗ.

ಹುಬ್ಬಳ್ಳಿ ದವಾಖಾನಿಯೊಳಗ
ತಬಸ್ಸುಮ್ ಅಂತ ಒಂದು ಹುಡುಗಿ, ನವಲಗುಂದದಾಕಿ,
"ಮುಂಜಾನಿಂದ ರಾತ್ರಿತನಕ ಏನೇನು ಉಣ್ತೀರಿ, ಹೇಳ್ರಿ ಅಜ್ಜಾರ" ಅಂದ್ಳು.
ಹೇಳಿದೆ. ಹೇಳ್ತಾ ಹೇಳ್ತಾ ಬಾಯಾಗ ನೀರು ಬಂತು:
ಎಣ್ಣಿಗಾಯಿ, ಝುಣಕ, ಮಡಕಿಕಾಳು,
ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಹಸೇ ಉಳ್ಳಾಗಡ್ಡಿ,
ಕಡೀಗೆ ಒಂದು ತಂಬಿಗಿ ಮಜ್ಜಿಗಿ, ಅದಕ್ಕೂ ಉಪ್ಪು.
ಎಲ್ಲಾ ಬರಕೊಂಡ್ಳು.
ಬರಕೊಂಡು ಒಂದೊಂದರ ಮ್ಯಾಲೂ ಪೆನ್ನು ಎಳದ್ಳು.
ಉಳ್ಳಾಗಡ್ಡಿ ಒಂದು ಉಳೀತು.

ಆಮ್ಯಾಲ ಕೇಳಿದ್ಳು:
"ಮೊಣಕಾಲ ನೋವಿಗೆ ಏನು ತಗೋತಿದ್ರಿ?"
ಒಲಿ ಮುಂದ ನಿಂತ ಕಾಲು ತಾಯಿ,
ಮೆಡಿಕಲ್ ಶಾಪಿನ ಹುಡುಗ ಕೊಡೋ ಬಿಳೀ ಗುಳಿಗಿ,
ಹನ್ನೊಂದು ವರ್ಷ, ದಿನಾ ಒಂದು,
ಗಿರಾಕಿ ಗದ್ದಲ ಇದ್ರ ಎರಡು.
ಆಕಿ ಪೆನ್ನು ಕೆಳಗಿಟ್ಟಳು.
ಉಂಡದ್ದರ ಪಟ್ಟಿಯೊಳಗ
ನಾನು ಅದೊಂದು ಹೇಳಿದ್ದಿಲ್ಲ.

ಈಗ ನಮ್ಮಲ್ಲಿ ಎರಡು ಒಲಿ.
ಮುಂದಿನದು ಗಿರಾಕಿಗೆ, ಹಿಂದಿನದು ನನಗ.
ಹಿಂದಿನ ಒಲಿಗೆ ಬಟಾಟಿ ಸುಮ್ಮನ ಹೋಗಂಗಿಲ್ಲ.
ಸಿಪ್ಪಿ ತಗದು, ಸಣ್ಣಗ ಹೆಚ್ಚಿ,
ನೀರಾಗ ಎರಡು ತಾಸು ನೆನೀಬೇಕು,
ಬ್ಯಾರೆ ನೀರಾಗ ಕುದೀಬೇಕು, ಆ ನೀರೂ ಬಸೀಬೇಕು.
ಸಾರ ಎಲ್ಲಾ ಹೋಗಿ ಉಳಿದದ್ದು ನನ್ನ ಪಲ್ಯ.

ಬಸಿದ ನೀರು ಹಿತ್ತಲದ ಟೊಮ್ಯಾಟೊ ಗಿಡಕ್ಕ.
ಯಾರೂ ಹಚ್ಚಿದ್ದಲ್ಲ, ಮುಸುರಿಯೊಳಗ ಬಿದ್ದು ಹುಟ್ಟಿದ್ದು.
ನನ್ನ ಪಾಲಿಂದು ಕುಡದು ಕುಡದು ಎದಿಮಟ ಬೆಳದೈತಿ.
ಗೊಂಚಲು ಗೊಂಚಲು ಹಣ್ಣು. ನನಗ ಒಂದೂ ಇಲ್ಲ.
ಓಣಿ ಹುಡುಗರು ಹರಕೊಂಡು ಓಡ್ತಾವ,
ನಾನು ಸುಳ್ಳ ಸುಳ್ಳ ಬೈತೀನಿ.

ಮಗ್ಗಲಮನಿ ಈರಭದ್ರಪ್ಪ ಕಪ್ಪತಗುಡ್ಡದ ಬೇರು ತಂದುಕೊಟ್ಟ.
"ಅರದು ಕುಡಿ, ಹದಿನೈದು ದಿನದಾಗ ಎದ್ದು ಓಡ್ತಿ."
ಸಾವಂತ್ರಿ ಎರಡೂ ಕೈಲೆ ತಗೊಂಡ್ಳು,
ದೇವರ ಜಗಲಿ ಮ್ಯಾಲ ಇಟ್ಟಳು.
ಇನ್ನೂ ಅಲ್ಲೇ ಐತಿ. ದಿನಾ ಊದಿನಕಡ್ಡಿ ಬೆಳಗ್ತಾಳ,
ಅರಿಯೂದಿಲ್ಲ.

ಉಪ್ಪು ತಿಂದಾವ ನೀರು ಕುಡೀಬೇಕು ಅಂತಾರ.
ನನಗ ಉಪ್ಪೂ ಅಳತಿ, ನೀರೂ ಅಳತಿ,
ಗೆರಿ ಹಾಕಿದ ಒಂದು ಬಾಟಲಿ,
ಸಂಜಿ ಆರಕ್ಕ ಗೆರಿ ಮುಟ್ಟಿದ್ರ ರಾತ್ರಿ ಉದ್ದ.
ನಾ ಆ ಗಾದಿಯ ಹೊರಗ ಬಿದ್ದಾವ.

ಒಂದ್ರಾತ್ರಿ ಕಳ್ಳನಂಗ ಎದ್ದು
ಉಪ್ಪಿನಕಾಯಿ ಭರಣಿಗೆ ಬೆರಳು ಹಾಕಿದೆ.
ಒಂದು ಬೆರಳು, ಆಮ್ಯಾಲ ನಾಕೂ.
ಬೆಳಗಾದ್ರ ಕಾಲು ಬಾತಿದ್ದವು.
ಸಾವಂತ್ರಿ ಬೈಲಿಲ್ಲ,
ಮೊಣಕಾಲ ಕೆಳಗ ಹೆಬ್ಬೆರಳು ಒತ್ತಿದ್ಳು.
ನಾದಿದ ಹಿಟ್ಟಿನಾಗ ಬಿದ್ದಂಗ ತಗ್ಗು ಬಿತ್ತು.
ಅದು ಮ್ಯಾಲ ಬರೂದನ್ನ
ಇಬ್ಬರೂ ನೋಡ್ಕೋತ ಕುಂತಿವಿ.

ರೊಟ್ಟಿ ದಿನಕ್ಕ ಒಂದೂವರೆ ಅಂದಿದ್ಳು ತಬಸ್ಸುಮ್.
ಅಂಥಾ ಒಂದು ಮಧ್ಯಾಹ್ನ
ಪಲ್ಯ ಇನ್ನೂ ಕುದೀತಿತ್ತು, ಹಸಿವು ತಡೀಲಿಲ್ಲ,
ಹಂಚಿನ ಮ್ಯಾಲಿಂದ ಬರೇ ರೊಟ್ಟಿ ಮುರದು ಬಾಯಾಗಿಟ್ಟೆ.
ಬಿಳಿಜೋಳದ ವಾಸನಿ. ಸುಟ್ಟ ಚುಕ್ಕಿ.
ಆಕಿ ಅಂಗೈ ಬಡದ ಬಿಸಿ. ಒಂಚೂರು ಸಿಹಿ, ಎಲ್ಲಿಂದೋ.

"ಇದಕ್ಕ ಉಪ್ಪು ಹಾಕೀಯೇನು?"
ಗೊತ್ತಿದ್ದ ಮಾತು. ಆದ್ರೂ ಕೇಳಿದೆ.
"ರೊಟ್ಟಿಗೆ ಯಾರು ಹಾಕ್ತಾರ್ರಿ" ಅಂದ್ಳು ಸಾವಂತ್ರಿ,
"ಎಂದೂ ಹಾಕಿಲ್ಲ. ಖಾನಾವಳಿ ನಡಿಸಿದವರು ನೀವು."

ದಿನಾ ಎರಡನೇ ರೊಟ್ಟಿ ನಡುವ ಮುರೀತಾಳ.
ನನ್ನ ಅರ್ಧ ನನ್ನ ತಾಟಿಗೆ.
ಉಳಿದ ಅರ್ಧ ಆಕಿ ಉಣ್ತಾಳ,
ಗುರೆಳ್ಳು ಹಿಂಡಿ ಹಚ್ಚಿಕೊಂಡು,
ಗೋಡಿ ಕಡೆ ಮುಖ ಮಾಡಿ.