ಕೊನೆಯ ಫಾರಂ

ರಟ್ಟು ಕಿತ್ತುಹೋಗಿತ್ತು, ಹೆಸರಿನ ಹಾಳೆಯೂ ಇರಲಿಲ್ಲ.
ಅಮೆರಿಕದ ಕಾದಂಬರಿ, ತುಂಬಾ ಜನ ಓದಿದ್ದಾರೆ,
ನಾಳೆ ಸಂಜೆಗೆ ಲೈಬ್ರರಿಗೆ ವಾಪಸ್ಸು ಬೇಕಂತೆ, ಎಂದು
ಖಲಂದರ್ ಸಾಬರು ನನ್ನ ಮಣೆಯ ಮೇಲೆ ಇಟ್ಟು ಹೋದರು.

ಮಾಮೂಲುಪೇಟೆಯ ಈ ಮಹಡಿಯಲ್ಲಿ ಹನ್ನೊಂದು ವರ್ಷ
ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದೇನೆ,
ಹುಳ ತಿನ್ನಬಾರದು ಅಂತ.
ಹೊಲಿಯುವಾಗ ಕಣ್ಣು ಸುಮ್ಮನಿರದೆ ಒಂದೊಂದು ಸಾಲು ಕದಿಯುತ್ತದೆ;
ನನ್ನ ಇಂಗ್ಲಿಷೆಲ್ಲ ಹೀಗೇ ಬಂದದ್ದು,
ದಾರ ಎಳೆಯುವಷ್ಟು ಹೊತ್ತಿನಲ್ಲಿ.

ಆ ಕತೆಯಲ್ಲೂ ಒಬ್ಬ ಗಂಡ ತಡವಾಗಿ ಬರುತ್ತಾನೆ.
ಹಿಮ ಬಿತ್ತು, ಗಾಡಿ ಹೂತುಕೊಂಡಿತು, ಎನ್ನುತ್ತಾನೆ.
ಹೆಂಡತಿ ಅವನ ಬೂಟು ನೋಡುತ್ತಾಳೆ: ಒಣಗಿವೆ.
ಏನೂ ಅನ್ನದೆ ಸೂಪು ಬಿಸಿ ಮಾಡುತ್ತಾಳೆ.
ನನಗೆ ನಗು ಬಂತು.
ನಮ್ಮೂರಲ್ಲಿ ಹಿಮ ಬೀಳುವುದಿಲ್ಲ,
ನೈಟ್ ಹಾಲ್ಟ್ ಬೀಳುತ್ತದೆ.

ಗುರುವಾರ ಗುರುವಾರ ಹೆಸರಘಟ್ಟ.
ಕೊನೇ ಬಸ್ಸು ಅಲ್ಲೇ ಮಲಗುತ್ತೆ, ಡ್ರೈವರೂ ನಾನೂ ಸೀಟಿನ ಮೇಲೆ,
ಎಂದು ಏಕನಾಥ ಬ್ಯಾಗನ್ನು ಮೊಳೆಗೆ ತೂಗುಹಾಕುತ್ತಿದ್ದ.
ಸೊಂಟ ಹಿಡಿದಿದೆ ಅಂದರೆ ನೀರು ಕಾಯಿಸುತ್ತಿದ್ದೆ.

ಮೂರನೇ ಫಾರಂ ಬಿಡಿಸಿದಾಗ ಅಂಚಿನಲ್ಲಿ ತೂತು.
ಹುಳ ಕೊರೆದದ್ದಲ್ಲ, ಹುಳಕ್ಕೆ ಇಷ್ಟು ದುಂಡಗೆ ಬರುವುದಿಲ್ಲ.
ಬೆಳಕಿಗೆ ಹಿಡಿದೆ: ಎಡಗಡೆ ಒಂದು ಮುಕ್ಕು,
ಅಕ್ಕಿ ನುಚ್ಚಿನಷ್ಟು.
ಟಿಕೆಟ್ ಪಂಚು.
ಮೆಜೆಸ್ಟಿಕ್ಕಿನಲ್ಲಿ ಅದು ಕೈಜಾರಿ ಬಿದ್ದ ದಿನ
ಅದರ ತಿರುಪಿಗೆ ತೆಂಗಿನೆಣ್ಣೆ ಬಿಟ್ಟವಳು ನಾನೇ.

ಸೂಪು ಬಿಸಿ ಮಾಡುವ ಸಾಲಿನ ಪಕ್ಕ ಒಂದು ತೂತು.
ತೂತಿನ ಪಕ್ಕ ಹಸಿರು ಇಂಕು, ಕನ್ನಡದ ದುಂಡಕ್ಷರ:
"ಪಾಪ, ಗೊತ್ತಿದ್ದೂ ಸುಮ್ಮನಿದ್ದಾಳೆ."
ನಲವತ್ತು ಪುಟ ದಾಟಿ ಇನ್ನೆರಡು ತೂತು, ಜೋಡಿಯಾಗಿ.
"ನಿಮ್ಮವರೂ ಹೀಗೇನಾ?"
ಮುಂದಿನ ಹಾಳೆ ತಿರುಗಿಸಿದೆ, ಅದರ ಮುಂದಿನದನ್ನೂ.
ಉತ್ತರದ ತೂತು ಇರಲಿಲ್ಲ.

ಖಾಕಿ ಜೇಬನ್ನು ಒಗೆಯುವ ಮುಂಚೆ ಕೊಡವುತ್ತೇನೆ.
ಗುಲಾಬಿ, ನೀಲಿ, ಹಳದಿ ಚುಕ್ಕಿ ಉದುರುತ್ತವೆ,
ನಡುವೆ ಎರಡೋ ಮೂರೋ ಬಿಳಿ.
ಬಿಳಿ ಟಿಕೆಟ್ಟು ಎಲ್ಲಿಗೆ ಅಂತ ಕೇಳೋಣವೆಂದುಕೊಂಡೆ ಒಂದು ಸಲ;
ಹಾಲು ಉಕ್ಕಿತು, ಮರೆತೆ.

"ಇಂಗ್ಲಿಷು ನನಗೆಲ್ಲಿ ಬರುತ್ತೆ ಯಮುನಾ,
ಒಳಗೆ ಹೋಗಿ ಒಳಗೆ ಹೋಗಿ ಅನ್ನೋಕೆ ಅದ್ಯಾಕೆ" ಎನ್ನುತ್ತಿದ್ದ.
ಅವಳ ಜೊತೆ ಮಲಗಿದ್ದು ಇರಲಿ.
ಅವಳ ಜೊತೆ ಓದಿದನಲ್ಲ.

ಕಟಿಂಗ್ ಮೆಷಿನ್ನಿಗೆ ಕೊಟ್ಟು ಕಾಲಂಗುಲ ಜಾಸ್ತಿ ತೆಗೆದರೆ
ತೂತೂ ಹಸಿರೂ ಕಸದ ಬುಟ್ಟಿಗೆ.
ಕೈ ಚಕ್ರದ ಮೇಲಿತ್ತು.
ತಿರುಗಿಸಲಿಲ್ಲ. ಒಂದು ಎಳೆ ಅಂಚೂ ಕೆಡದ ಹಾಗೆ ಹೊಲಿದೆ,
ಕಂದು ಕ್ಯಾಲಿಕೋ, ಗಟ್ಟಿ ರಟ್ಟು, ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ
ಬಂದ ಪುಸ್ತಕ ಇನ್ನೊಂದಿಲ್ಲ.
ಕೊನೆಯ ಫಾರಂ ಒಂದನ್ನು ಬಿಟ್ಟು.

"ಎಲ್ಲ ಸರಿ ಇದೆಯಾ ಯಮುನಕ್ಕ?"
ಇದೆ ಸಾಬರೇ, ಅಂದೆ. ಅವರಿಗೆ ಹೇಳಿದ ಮೊದಲ ಸುಳ್ಳು.
ಊಟದ ಚೀಲದಲ್ಲಿ ಹದಿನಾರು ಪುಟ
ಡಬ್ಬಿಗೆ ತಾಗಿ ಸದ್ದು ಮಾಡುತ್ತಿದ್ದವು, ಮಾರ್ಕೆಟ್ಟು ದಾಟುವವರೆಗೂ.

ಓದಿಲ್ಲ. ಅಡುಗೆಮನೆ ಹಲಗೆಯ ಮೇಲೆ
ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದೇನೆ.
ಎಣ್ಣೆ ಇಳಿದು ಆ ಕಡೆಯ ಅಕ್ಷರ ಈ ಕಡೆಗೆ ಕಾಣುತ್ತಿದೆ.

ಮೂರು ಗುರುವಾರ ಕಳೆದ ಮೇಲೆ
ಅನ್ನ ಕಲಸುತ್ತಾ, ತಲೆ ಎತ್ತದೆ ಕೇಳಿದ:
"ನಿಮ್ಮಲ್ಲಿ ಬೈಂಡು ಮಾಡುವಾಗ
ಹಾಳೆ ತಪ್ಪಿಹೋಗೋದು ಉಂಟಾ?"

ಉಂಟು, ಅಂದೆ.
ಉಪ್ಪಿನಕಾಯಿಗೆ ಕೈ ಚಾಚಿದವನಿಗೆ
ಕೂತಿರು, ನಾನೇ ಬಡಿಸುತ್ತೇನೆ, ಅಂದೆ.