ಎಡಕ್ಕೆ ವಾಲಿ

ಮೂರು ತಿಂಗಳ ಕೂಲಿಯಲ್ಲಿ ಒಂದು ಪಾಲು ನೋಟು,
ಒಂದು ಪಾಲು "ಆಮೇಲೆ ನೋಡೋಣ",
ಉಳಿದದ್ದಕ್ಕೆ ಈ ನಾಯಿಮರಿ.
ಜಾಕೆಟ್ಟಿನ ಒಳಗೆ, ಎದೆಗೆ ಅಂಟಿಕೊಂಡು
ಈಗಷ್ಟೇ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ ಕೂತಿದೆ.
ತ್ರೆಸ್ ಲಾಗೋಸ್ ಮರೆಯಾಗುವ ಮೊದಲೇ ಒಮ್ಮೆ ಉಚ್ಚೆ ಹೊಯ್ದಿದೆ.
ಬಿಸಿ ಇರುವಷ್ಟು ಹೊತ್ತು ಅದೂ ಹಿತವೇ.

ಪಟಗೋನಿಯಾದ ಗಾಳಿ ಪಡುವಣದಿಂದ.
ನನ್ನ ಮನೆ ಬಡಗಣಕ್ಕೆ.
ಎಂದರೆ ಇಡೀ ದಿನ ಎಡಭುಜ ಕೊಟ್ಟು
ಒಂದು ಬಾಗಿಲನ್ನು ತಳ್ಳುತ್ತಲೇ ಇರಬೇಕು,
ಆ ಕಡೆಯಿಂದ ಯಾರೋ ಅಷ್ಟೇ ಹಟದಲ್ಲಿ ಒತ್ತಿ ಹಿಡಿದ ಬಾಗಿಲು.
ಯಾರೂ ಗೆಲ್ಲಬಾರದು.
ನೂರೈವತ್ತು ಸಿಸಿಯ ಈ ಮುದಿ ಗಾಡಿ
ನೆಟ್ಟಗೆ ನಿಲ್ಲುವುದನ್ನು ಮರೆತು ಗಂಟೆಗಳಾದವು.

ಜಲ್ಲಿ ರಸ್ತೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್.
ಟ್ಯಾಂಕನ್ನು ಮೊಣಕಾಲ ನಡುವೆ
ಕುರಿ ಹಿಡಿದ ಹಾಗೇ ಹಿಡಿದೆ:
ಬಿಗಿಯಾದರೆ ಒದೆಯುತ್ತದೆ, ಸಡಿಲಾದರೆ ಓಡುತ್ತದೆ.
ಗೊತ್ತಿರುವ ವಿದ್ಯೆ ಇದೊಂದೇ.
ಅಂಗೈಯಲ್ಲಿ ಇನ್ನೂ ಉಣ್ಣೆಯ ಜಿಡ್ಡು,
ಹೆಬ್ಬೆರಳಿಗೆ ಕತ್ತರಿ ಕಲಿಸಿದ ಗಂಟು.

ಆಮೇಲೆ ಆಲಿಕಲ್ಲು. ಅಡ್ಡಡ್ಡ.
ಇಲ್ಲಿ ಆಕಾಶದಿಂದ ಏನೂ ಬೀಳುವುದಿಲ್ಲ,
ಎಲ್ಲವೂ ಪಕ್ಕದಿಂದ ಬರುತ್ತದೆ.
ಹೆಲ್ಮೆಟ್ಟಿನ ಮೇಲೆ, ತಪ್ಪಲೆಗೆ ಕಡಲೆ ಸುರಿದ ಸದ್ದು.
ಮರಿ ಕಿವಿ ನಿಮಿರಿಸಿದ್ದು ಎದೆಗೆ ತಿಳಿಯಿತು.
"ಏನಿಲ್ಲ ಮಗಾ" ಅಂದೆ,
ಅದಕ್ಕೋ, ನನಗೋ.

ಬೇಲಿಯಾಚೆ ಗ್ವಾನಾಕೊ ಹಿಂಡು ಗಾಳಿಗೆ ಬೆನ್ನು ಕೊಟ್ಟು
ಸರದಿಯಲ್ಲಿ ನಿಂತ ಹೆಂಗಸರ ಹಾಗೆ
ನನ್ನನ್ನೊಮ್ಮೆ ನೋಡಿ ಮುಖ ತಿರುಗಿಸಿದವು.
ರಸ್ತೆ ಬದಿ ಗಾವುಚಿತೊನ ಪುಟ್ಟ ಗುಡಿ, ಚಿಂದಿಯಾದ ಕೆಂಪು ಬಾವುಟ.
ಹಾರ್ನ್ ಹೊಡೆಯದೆ ದಾಟಿದವನು ಮನೆ ಮುಟ್ಟುವುದಿಲ್ಲ ಅನ್ನುತ್ತಾರೆ.
ನನ್ನ ಹಾರ್ನ್ ಕೆಟ್ಟು ವರ್ಷವಾಯಿತು.
ಬಾಯಲ್ಲೇ "ಪೀಂ" ಅಂದೆ, ಎರಡು ಸಲ,
ಹೆಲ್ಮೆಟ್ಟಿನ ಒಳಗೆ.

ಬಾಹೊ ಕರಕೋಲೆಸಿನಲ್ಲಿ ಇರುವುದೊಂದೇ ಪಂಪು.
ಅದರ ಕೊರಳಿಗೆ ರಟ್ಟಿನ ಚೀಟಿ: ನಾಳೆ.
ಉಣ್ಣೆ ಮೂಟೆ ಹೇರಿಕೊಂಡ ಲಾರಿಯಿಂದ ಇಳಿದವಳು
ಒಫೇಲಿಯಾ ಬರ್ರಿಯಾ, ಗಂಟಲು ಗಂಡಸಿನದು.
ಡಬ್ಬಿಯಿಂದ ಐದು ಲೀಟರ್ ಸುರಿದಳು, ದುಡ್ಡು ಬೇಡವೆಂದಳು,
ಮರಿಯ ಮೂತಿಯನ್ನು ಬೆರಳಿಂದ ಒತ್ತಿ
"ನನ್ನ ಲಾರಿಯ ಮರೆಯಲ್ಲಿ ಬಾ" ಎಂದಳು.

ಹೋದೆ.
ಎರಡನೇ ಗೇರು. ಮೂಟೆಗಳ ಗೋಡೆ ಪಕ್ಕಕ್ಕೆ ಬಂತು.
(ಅದರಲ್ಲಿ ನಾನು ಕತ್ತರಿಸಿದ್ದೂ ಇದ್ದೀತು.)
ಗಾಳಿ ನಿಂತಿತು.
ಬಾಗಿಲಾಚೆಯವನು ಸುಮ್ಮನೆ ಕೈಬಿಟ್ಟು ಎದ್ದುಹೋದ ಹಾಗೆ.
ನಾಲ್ಕುನೂರು ಕಿಲೋಮೀಟರ್ ಬೀಳದವನು
ನಿಶ್ಶಬ್ದದೊಳಕ್ಕೆ ಬಿದ್ದೆ, ಎಡಕ್ಕೆ,
ಮೆಲ್ಲಗೆ, ಹಾಸಿಗೆಗೆ ಒರಗಿದಂತೆ.

ಕನ್ನಡಿ ಒಂದು ಹೋಯಿತು. ಮೊಣಕೈ ತರಚಿತು.
ಜಿಪ್ ಎಳೆಯುವಾಗ ಕೈ ನಡುಗಿದ್ದು ಚಳಿಗಲ್ಲ.
ಒಳಗೆ ಎರಡು ಕಣ್ಣು.
ಆಕಳಿಕೆ.
ಒಫೇಲಿಯಾ ಓಡಿ ಬಂದಾಗ ನಾನು ನಗುತ್ತಿದ್ದೆನಂತೆ;
ಅಳುತ್ತಿದ್ದೆ ಅಂತ ನನ್ನ ನೆನಪು.

ಮನೆ ಮುಟ್ಟಿದಾಗ ಹತ್ತು ದಾಟಿತ್ತು, ಬೆಳಕು ಇನ್ನೂ ಪೂರ್ತಿ ಸತ್ತಿರಲಿಲ್ಲ.
ರೊಸೌರಾ ಸಾರು ಬಡಿಸಿದಳು, ನೋಟು ಎಣಿಸಲಿಲ್ಲ.
"ಅಪ್ಪಾ, ಯಾಕೆ ಸೊಟ್ಟಗೆ ಕೂತಿದ್ದೀ?" ಅಂದಳು ಯಾನೆಲ್.
ನೆಟ್ಟಗೇ ಕೂತಿದ್ದೆನಲ್ಲ!
ಬಟ್ಟಲಿನ ಸಾರನ್ನು ನೋಡಿದೆ:
ಅದು ಸಮವಾಗಿತ್ತು.

ಮರಿಯನ್ನು ನೆಲಕ್ಕೆ ಬಿಟ್ಟೆವು.
ಒಲೆಯ ಪಕ್ಕ ಹಾಸಿದ ಕಂಬಳಿಯನ್ನು ಮೂಸಿ,
ಬೇಡವೆಂದು, ಅಡುಗೆಮನೆ ದಾಟಿ,
ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿದ್ದಲ್ಲಿಗೆ ಹೋಗಿ
ಅದಕ್ಕೆ ಬೆನ್ನು ಒತ್ತಿ ಮಲಗಿತು.